ಹೊಡೆದ ಧೂಳು ಎಲ್ಲಿಗೆ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ಡಸ್ಟರ್ ಅಂದ ತಕ್ಷಣ ನನ್ನ ವಯಸ್ಸಿನವರಿಗೆ ನೆನಪಾಗುವುದು ಕಪ್ಪು ಹಲಗೆ ಒರೆಸುವ ಡಸ್ಟರ್. ಮೇಲೆ ಮರದ ಹಿಡಿ, ಕೆಳಗೆ ದಪ್ಪ ಬಟ್ಟೆ. ಪೀರಿಯಡ್ ಮುಗಿದ ಮೇಲೆ ಅದನ್ನು ಹೊರಗೆ ಒಯ್ದು ಗೋಡೆಗೆ ಬಡಿದು, ಸೀಮೆಸುಣ್ಣದ ಪುಡಿ ಉದುರಿಸಿ ತರುವುದು ಮಾನಿಟರ್ ಕೆಲಸ. ನಾನೇ ಮಾನಿಟರ್. ನಾಲ್ಕು ಸಲ ಬಡಿಯುವಷ್ಟರಲ್ಲಿ ಡಸ್ಟರ್ ಚೊಕ್ಕಟ. ನಾನು ಮಾತ್ರ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗೆ ಹುಬ್ಬು, ರೆಪ್ಪೆ, ಕಾಲರ್ ಎಲ್ಲ ಬೆಳ್ಳಗೆ ಮಾಡಿಕೊಂಡು ತರಗತಿಗೆ ವಾಪಸ್ಸು.

ನಮ್ಮ ಮನೆಗಳಲ್ಲಿ ಧೂಳಿನ ವಿಷಯದಲ್ಲಿ ನಾವು ಇವತ್ತಿಗೂ ಮಾಡುತ್ತಿರುವುದು ಇದನ್ನೇ. ನಮ್ಮ ಮಾತನ್ನೇ ನೋಡಿ: ಧೂಳು ‘ಹೊಡೆಯುತ್ತೇವೆ’, ‘ಕೊಡವುತ್ತೇವೆ’, ‘ಝಾಡಿಸುತ್ತೇವೆ’. ಹಿಡಿಯುತ್ತೇವೆ ಅಂತ ಯಾರೂ ಹೇಳುವುದಿಲ್ಲ. ಹೊಡೆದ ಧೂಳು ಎಲ್ಲಿಗೆ ಹೋಯಿತು ಅಂತಲೂ ಯಾರೂ ಕೇಳುವುದಿಲ್ಲ. ಟಿ.ವಿ. ಮೇಲಿನದು ಸೋಫಾ ಮೇಲೆ, ಸೋಫಾ ಮೇಲಿನದು ದೇವರ ಫೋಟೋ ಮೇಲೆ. ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಕೋಲಿನ ಹಾಗೆ ಒಳಗೆ ಬಿದ್ದಾಗ ನೋಡಿದರೆ ಅದರಲ್ಲಿ ಎಲ್ಲ ತೇಲುತ್ತಿರುತ್ತದೆ. ಕಣ್ಣಿಗೆ ಕಾಣುವ ದಪ್ಪ ಕಣಗಳು ಕೆಲವೇ ನಿಮಿಷದಲ್ಲಿ ಕೆಳಗಿಳಿದುಬಿಡುತ್ತವೆ. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಸಣ್ಣ ಕಣ, ಗಾಳಿ ಅಲುಗದ ಕೋಣೆಯಲ್ಲೂ ಗಂಟೆಗಟ್ಟಲೆ ತೇಲಿಕೊಂಡಿರುತ್ತದೆ. ಫ್ಯಾನ್ ಹಾಕಿದರಂತೂ ಕೇಳುವುದೇ ಬೇಡ. ನಾವು ಕೈ ತೊಳೆದುಕೊಂಡು ಕಾಫಿ ಕುಡಿಯಲು ಕೂತಾಗ ಅದು ಸಾವಕಾಶವಾಗಿ ತನ್ನ ಜಾಗಕ್ಕೆ ಮರಳುತ್ತಿರುತ್ತದೆ.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ನಿವೃತ್ತಿಯಾದ ಮೇಲೆ. ಮೈಸೂರಿನಲ್ಲಿ ನಮ್ಮದು ಹಳೇ ಮನೆ, ಎತ್ತರದ ಸೂರು, ತುಂಬಾ ಕಿಟಕಿ, ಮುಂದೆ ರಸ್ತೆ. ನಮ್ಮ ಮನೆಯವರಿಗೆ ಉಬ್ಬಸ. ಧೂಳು ಎದ್ದರೆ ಸಾಕು, ಸಂಜೆಗೆ ಎದೆಯಲ್ಲಿ ಸಿಳ್ಳು ಶುರು. ಡಾಕ್ಟರು, ‘ಅಮ್ಮಾ, ಇನ್ನು ಮೇಲೆ ನೀವು ಪೊರಕೆ ಮುಟ್ಟಬೇಡಿ’ ಅಂದರು. ಹೇಳಿದ್ದು ಅವರಿಗೆ, ನೋಡಿದ್ದು ನನ್ನ ಕಡೆ. ಮೂವತ್ತು ವರ್ಷ ಕಚೇರಿಯಲ್ಲಿ ಫೈಲುಗಳ ಧೂಳು ಕುಡಿದವನಿಗೆ ಮನೆಯ ಧೂಳು ಏನು ಮಹಾ ಅಂದುಕೊಂಡು ಒಪ್ಪಿಕೊಂಡೆ.

ಮೊದಲನೇ ವಾರ ಬಲೆ ತೆಗೆಯುವ ಉದ್ದನೆಯ ಪೊರಕೆ, ತೆಂಗಿನ ಕಡ್ಡಿ ಪೊರಕೆ, ಹಳೇ ಬನಿಯನ್ನು, ಹೀಗೆ ಕೈಗೆ ಸಿಕ್ಕಿದ್ದರಿಂದೆಲ್ಲ ಹೊಡೆದೆ. ಮನೆಯವರು ಪಕ್ಕದ ಮನೆ ಜಗುಲಿಯಲ್ಲಿ ಮೂಗಿಗೆ ಸೆರಗು ಹಿಡಿದು ಕೂತಿದ್ದರು. ಒಳಗೆ ಬಂದ ಅರ್ಧ ಗಂಟೆಗೆ ಮತ್ತೆ ಸಿಳ್ಳು. ಚಿಕಾಗೋದಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿಕೊಂಡಾಗ ಅವಳು ನಕ್ಕು, ‘ಅಪ್ಪಾ, ಹೊಡೀಬೇಡ, ಸವರು’ ಅಂದಳು. ಮುಂದಿನ ಸಲ ಬಂದಾಗ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟಿನ ಜೊತೆಗೆ ಒಂದು ಡಬ್ಬಿ ಇತ್ತು. ಒಂದು ಪ್ಲಾಸ್ಟಿಕ್ ಹಿಡಿ, ಮಡಚಿಟ್ಟ ಒಂದಷ್ಟು ತೆಳು ಬಟ್ಟೆ. ಒಂದು ಸಲ ಬಳಸಿ ಎಸೆಯುವ ಡಸ್ಟರು.

ಎಸೆಯೋದು! ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಒಣಗಿಸಿಡುವ ಮನೆ ನಮ್ಮದು. ಮೊದಲನೆಯದನ್ನು ಬಳಸಿದ ಮೇಲೆ ಎಸೆಯಲು ಮನಸ್ಸು ಬರದೆ ಸೋಪಿನ ಪುಡಿ ಹಾಕಿ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದೆ. ಮಳೆಯಲ್ಲಿ ನೆನೆದ ಬೆಕ್ಕಿನ ಮರಿಯ ಹಾಗೆ ಮುದುಡಿಕೊಂಡು ನೇತಾಡಿತು. ಒಣಗಿದ ಮೇಲೆ ಶೋಕೇಸಿನ ಮೇಲೆ ಆಡಿಸಿ ನೋಡಿದರೆ ಧೂಳನ್ನು ಇಲ್ಲಿಂದ ಅಲ್ಲಿಗೆ ತಳ್ಳಿತೇ ಹೊರತು ಹಿಡಿಯಲಿಲ್ಲ. ಇನ್ನೊಂದು ತಪ್ಪನ್ನೂ ಮಾಡಿದ್ದೆ. ಡಬ್ಬಿಯಿಂದ ತೆಗೆದಾಗ ಅದು ಹಪ್ಪಳದ ಹಾಗೆ ಚಪ್ಪಟೆಯಾಗಿರುತ್ತದೆ. ಹಾಗೇ ಬಳಸಬಾರದು. ಹಿಡಿಗೆ ಸಿಕ್ಕಿಸಿ, ಪದರ ಪದರವನ್ನೂ ಬೆರಳಲ್ಲಿ ಬಿಡಿಸಿ, ಚೆನ್ನಾಗಿ ಕೊಡವಿದರೆ ಉಬ್ಬಿ ಸೇವಂತಿಗೆ ಹೂವಿನಂತಾಗುತ್ತದೆ. ಆಮೇಲೆ ಅದು ಕೆಲಸ ಮಾಡುವ ಚಂದವೇ ಬೇರೆ.

ಅದರೊಳಗಿನ ಗುಟ್ಟು ದೊಡ್ಡದೇನಲ್ಲ. ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣಗಿದ ಕೂದಲಿಗೆ ತಿಕ್ಕಿ ಕಾಗದದ ಚೂರುಗಳನ್ನು ಎತ್ತುವ ಆಟ ನಾವೆಲ್ಲ ಆಡಿದವರೇ. ಈ ಬಟ್ಟೆಯನ್ನು ನೇಯ್ದಿರುವುದಿಲ್ಲ. ಪಾಲಿಯೆಸ್ಟರಿನಂಥ ಕೃತಕ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಾಸಿರುತ್ತಾರೆ. ಸವರಿದಾಗ ಎಳೆಗಳಲ್ಲಿ ವಿದ್ಯುದಂಶ ಹುಟ್ಟುತ್ತದೆ, ಧೂಳು ತಾನೇ ಬಂದು ಅಂಟಿಕೊಳ್ಳುತ್ತದೆ. ಅಂಟಿದ್ದು ಎಳೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವದಕ್ಕೆ ಕೈಗೆ ಗೊತ್ತಾಗದಷ್ಟು ಎಣ್ಣೆಯ ಲೇಪವೂ ಇರುತ್ತದೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಚಿಕಾಗೋದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗಿನ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಬಾಗಿಲ ಹಿಡಿ ಮುಟ್ಟಿದರೆ ಚುರ್ ಅಂತ ಹೊಡೆಯುತ್ತದೆ. ಅಂಥಲ್ಲಿ ಈ ಡಸ್ಟರು ಅಯಸ್ಕಾಂತದ ಹಾಗೆ. ನಮ್ಮ ಮೈಸೂರಿನಲ್ಲೂ ಫೆಬ್ರವರಿ, ಮಾರ್ಚಿನಲ್ಲಿ ಚೆನ್ನಾಗಿ ಹಿಡಿಯುತ್ತದೆ. ಅದೇ ಆಷಾಢದಲ್ಲಿ ಮಂಗಳೂರಿಗೋ ತೀರ್ಥಹಳ್ಳಿಗೋ ಒಯ್ದರೆ ಗಾಳಿಯ ತೇವಕ್ಕೆ ಆ ವಿದ್ಯುದಂಶ ನಿಲ್ಲುವುದಿಲ್ಲ. ಆಗ ಎಳೆಯಲ್ಲಿ ಸಿಕ್ಕಿಕೊಂಡಷ್ಟೇ ಲಾಭ. ಮಲೆನಾಡಿನ ಕೇಳುಗರು ಇನ್ನೊಂದು ನೆನಪಿಡಿ: ಮಳೆಗಾಲದಲ್ಲಿ ಬೀರುವಿನ ಹಿಂದೆ ಹಿಡಿಯುವ ಬೂಷ್ಟನ್ನು ಒಣ ಡಸ್ಟರಿನಿಂದ ಸವರಲೇಬಾರದು. ಅದು ಮನೆಯೆಲ್ಲ ಹರಡುತ್ತದೆ. ಅದಕ್ಕೆ ಒದ್ದೆ ಬಟ್ಟೆಯೇ ಸರಿ.

ಈ ಎಸೆಯುವ ಬಟ್ಟೆಗಳು ಹಳೆಯವೇನಲ್ಲ. ಜಪಾನಿನ ಕಾವೊ ಕಂಪನಿ 1994ರಲ್ಲಿ ನೆಲ ಒರೆಸಲು ಕ್ವಿಕಲ್ ವೈಪರ್ ಅನ್ನುವುದನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರ ಸ್ವಿಫರ್ ಬಂದದ್ದು 1999ರಲ್ಲಿ. ಅದಕ್ಕೆ ಮುಂಚೆ ಆ ಕಂಪನಿಯ ಪರವಾಗಿ ಕೆಲವರು ಮನೆಮನೆಗೆ ಹೋಗಿ, ಜನ ನೆಲ ಒರೆಸುವುದನ್ನು ಸುಮ್ಮನೆ ಕೂತು ನೋಡಿದರಂತೆ. ಅವರಿಗೆ ಕಂಡದ್ದು: ನೆಲ ಒರೆಸುವುದಕ್ಕೆ ಹಿಡಿಯುವಷ್ಟೇ ಹೊತ್ತು ಒರೆಸುವ ಬಟ್ಟೆಯನ್ನು ತೊಳೆಯುವುದಕ್ಕೂ ಹಿಡಿಯುತ್ತಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಬಚ್ಚಲುಮನೆಯ ಮೂಲೆ ಕಣ್ಣ ಮುಂದೆ ಬಂತು. ಧೂಳು ಒರೆಸಿದ ಬಟ್ಟೆಯನ್ನು ಎಲ್ಲರೂ ಆ ಬಕೆಟ್ಟಿಗೆ ಹಾಕಿ ನಡೆಯುತ್ತೇವೆ. ಅದನ್ನು ಒಗೆಯುವವರು ಯಾರು? ಮೊದಲು ಅಮ್ಮ ಒಗೆಯುತ್ತಿದ್ದಳು, ಆಮೇಲೆ ನಮ್ಮ ಮನೆಯವರು, ಈಗ ಬೆಳಗ್ಗೆ ಕೆಲಸಕ್ಕೆ ಬರುವ ಅಕ್ಕ. ಅವರು ಒಂದು ದಿನ ನನ್ನೆದುರಿಗೇ, ‘ಅಯ್ಯೋ ಸ್ವಾಮಿ, ನಿಮ್ಮ ಮನೆ ಪಾತ್ರೆ ಬೇಕಾದರೆ ಎರಡು ಸಲ ತೊಳೀತೀನಿ, ಈ ಮಣ್ಣು ಬಟ್ಟೆ ಒಂದು ಬೇಡ’ ಅಂದಿದ್ದರು. ಧೂಳು ಒರೆಸಿದೆ ಅಂತ ಎದೆ ಉಬ್ಬಿಸಿಕೊಂಡಿದ್ದ ನಾನು ಅರ್ಧ ಕೆಲಸವನ್ನು ಅವರ ಬಕೆಟ್ಟಿಗೆ ದಾಟಿಸಿದ್ದೆ. ಒಗೆಯುವ ಕೆಲಸ ಯಾರ ತಲೆಗೂ ಬೀಳುವುದಿಲ್ಲ, ಎಸೆಯುವ ಡಸ್ಟರಿನ ನಿಜವಾದ ಅನುಕೂಲ ಇದು ಅಂತ ನನ್ನ ಅಭಿಪ್ರಾಯ. ಜಾಹೀರಾತಿನಲ್ಲಿ ತೋರಿಸುವ ಫಳಫಳ ಹೊಳಪು ಅಷ್ಟರಲ್ಲೇ ಇದೆ.

ಹಾಗಂತ ಅದನ್ನು ಎಲ್ಲ ಕಡೆ ಆಡಿಸಿದರೆ ದುಡ್ಡು ದಂಡ. ಅಡುಗೆಮನೆಗೆ ತರಲೇಬೇಡಿ. ಒಗ್ಗರಣೆ ಹೊಗೆ, ಎಣ್ಣೆ, ಧೂಳು ಸೇರಿ ಡಬ್ಬಿಗಳ ಮೇಲೆ ಕೂತ ಜಿಡ್ಡಿಗೆ ಬಿಸಿನೀರು, ಸೋಪು, ತೋಳ್ಬಲ ಇವೇ ಮದ್ದು. ಕಿಟಕಿಯ ಸರಳಿಗೆ, ಹೊಸ್ತಿಲಿಗೆ ಒದ್ದೆ ಬಟ್ಟೆ ಸಾಕು. ಫ್ಯಾನಿಗೆ ನಾನು ಹಳೇ ದಿಂಬಿನ ಕವರು ಬಳಸುತ್ತೇನೆ. ಸ್ವಿಚ್ ಆರಿಸಿ, ರೆಕ್ಕೆಗೆ ಕವರನ್ನು ಚೀಲದ ಹಾಗೆ ಪೂರ್ತಿ ತೊಡಿಸಿ, ಎರಡೂ ಕಡೆ ಒತ್ತಿ ಹಿಡಿದು ನಿಧಾನಕ್ಕೆ ಎಳೆದರೆ ಕರೀ ಧೂಳಿನ ಪಟ್ಟಿ ಹಾಗೇ ಕವರಿನೊಳಗೆ ಬೀಳುತ್ತದೆ, ಹಾಸಿಗೆ ಮೇಲೆ ಒಂದು ಚೂರೂ ಇಲ್ಲ. ಮೊದಲು ಸ್ಟೂಲಿನ ಕಾಲು ಅಲುಗುತ್ತದೆಯೇ ನೋಡಿಕೊಳ್ಳಿ. ಅರವತ್ತು ದಾಟಿದವರು ಸ್ಟೂಲು ಹತ್ತದಿರುವುದೇ ವಾಸಿ. ನಾನು ಹತ್ತುತ್ತೇನೆ, ಅದು ಬೇರೆ ಮಾತು.

ಡಸ್ಟರನ್ನು ನಾನು ಎತ್ತಿಟ್ಟಿರುವುದು ನೀರು ಸೋಕಿಸಬಾರದ, ಬೆರಳು ಹೋಗದ ಜಾಗಗಳಿಗೆ. ಪುಸ್ತಕಗಳ ಮೇಲಂಚು ಅಂಥದು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಬೆನ್ನಿನ ಕಡೆಯಿಂದ ಹಾಳೆ ತೆರೆಯುವ ಕಡೆಗೆ ಸವರಬೇಕು. ತಿರುಗಾಮುರುಗಾ ಸವರಿದರೆ ಧೂಳು ಹೊಲಿಗೆಯೊಳಗೆ ಇಳಿಯುತ್ತದೆ. ಟಿ.ವಿ.ಯ ಹಿಂಬದಿ, ಇಂಟರ್ನೆಟ್ ಡಬ್ಬಿಯ ತೂತುಗಳು, ಗಂಟು ಬಿದ್ದ ವೈರುಗಳು ಇನ್ನೊಂದು. ನಮ್ಮಲ್ಲಿ ಅಪ್ಪನ ಕಾಲದ ರೇಡಿಯೋ ಇದೆ. ಅಮ್ಮ ಕಸೂತಿ ಹಾಕಿ ಹೊಲಿದ ಗವಸು ಇನ್ನೂ ಅದರ ಮೈಮೇಲಿದೆ. ಧೂಳು ಕೂರದಿರಲಿ ಅಂತ ಹಾಕಿದ ಗವಸಿನ ಅಡಿಯಲ್ಲಿ, ಸ್ಪೀಕರಿನ ಜಾಲರಿಯ ತುಂಬ, ಎಷ್ಟು ವರ್ಷದ ಧೂಳಿತ್ತೋ! ಡಸ್ಟರಿನ ತುದಿಯನ್ನು ಒತ್ತದೆ, ನವಿಲುಗರಿ ಆಡಿಸುವ ಹಾಗೆ ಆಡಿಸಿದೆ. ಬೂದಿ ಬಣ್ಣದ ಉಂಡೆಯೇ ಬಂತು.

ಇನ್ನು ಗೊಂಬೆಗಳು. ಮೈಸೂರಿನವರ ಮನೆಯಲ್ಲಿ ಧೂಳಿನ ಮಾತು ಎತ್ತಿ ದಸರಾ ಗೊಂಬೆ ಬಿಟ್ಟರೆ ಆಗುತ್ತದೆಯೇ? ಒಂಬತ್ತು ದಿನ ಮೆಟ್ಟಿಲ ಮೇಲೆ ಕೂತಾಗ ಬಂದುಹೋಗುವವರ ಕಾಲ್ಧೂಳು, ಊದುಬತ್ತಿಯ ಬೂದಿ, ಆರತಿಯ ಹೊಗೆ ಎಲ್ಲ ಅವುಗಳ ಮೇಲೆ. ವಿಜಯದಶಮಿ ಕಳೆದ ಮೇಲೆ ಹಾಗೇ ಪಂಚೆ ಚೂರಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಅಟ್ಟಕ್ಕೇರಿಸಿದರೆ ಆ ಧೂಳು ವರ್ಷಪೂರ್ತಿ ಬಣ್ಣಕ್ಕೆ ಉಜ್ಜಿಕೊಂಡಿರುತ್ತದೆ. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ಹಿಡಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ನಮ್ಮ ಶೆಟ್ಟಿ ಗೊಂಬೆಯ ಎಡಗಡೆ ಮೀಸೆ ಹೋದದ್ದು ಹಾಗೆ. ಮಾಡಿದ್ದು ನಾನಲ್ಲ ಅಂತ ಇವತ್ತಿಗೂ ಸಾಧಿಸುತ್ತೇನೆ. ಚನ್ನಪಟ್ಟಣದ ಗೊಂಬೆಗಳಿಗೆ ಭಯವಿಲ್ಲ. ಚರಕಿಯಲ್ಲಿ ತಿರುಗಿಸುತ್ತಾ ಹಚ್ಚಿದ ಅರಗಿನ ಹೊಳಪು ನುಣ್ಣಗಿರುತ್ತದೆ, ಒಂದು ಸಲ ಸವರಿದರೆ ಸಾಕು. ಕಷ್ಟವಿರುವುದು ಪಟ್ಟದ ಗೊಂಬೆಗಳಲ್ಲಿ. ರಕ್ತಚಂದನದ ರಾಜ, ರಾಣಿ. ಮನೆಯವರು ಉಡಿಸಿದ ಜರಿ ಸೀರೆಯ ನೆರಿಗೆ, ಮಣಿಸರ, ಅಕ್ಕಿಕಾಳಿನಷ್ಟು ಮೂಗುಬೊಟ್ಟು. ಡಸ್ಟರಿನ ಎಳೆ ಜರಿಗೆ ಸಿಕ್ಕಿ ಎಳೆದರೆ ಮುಗಿಯಿತು. ಅಲ್ಲಿಗೆ ಡಸ್ಟರಿನಿಂದ ಒಂದು ಎಸಳನ್ನಷ್ಟೇ ಕತ್ತರಿಸಿ, ಊದುಬತ್ತಿ ಕಡ್ಡಿಯ ತುದಿಗೆ ದಾರದಲ್ಲಿ ಕಟ್ಟಿಕೊಂಡು, ಕನ್ನಡಕ ಹಾಕಿಕೊಂಡು ಕೂರುತ್ತೇನೆ. ರಾಣಿಯ ಮೂಗುಬೊಟ್ಟಿನ ಸುತ್ತ ಒಂದು ಸುತ್ತು. ಆಕೆಯ ಮುಖ ನಿಜವಾಗಿಯೂ ತಿಳಿಯಾಗುತ್ತದೆ.

ಎಸೆಯುವ ಮಾತು ಬಂದಾಗ ನನಗೆ ಇರಿಸುಮುರಿಸು ಇದ್ದೇ ಇದೆ. ಅದು ಪ್ಲಾಸ್ಟಿಕ್ಕೇ. ಮಣ್ಣಿಗೆ ಹಾಕಿದರೆ ಕರಗುವುದಿಲ್ಲ, ಬೀದಿ ಮೂಲೆಯಲ್ಲಿ ತರಗೆಲೆಯ ಜೊತೆ ಸುಟ್ಟರೆ ಇನ್ನೂ ಕೇಡು. ಧೂಳು ತುಂಬಿದ್ದನ್ನು ಒಣಕಸದ ಚೀಲಕ್ಕೆ ಹಾಕಿದರೆ ಅದನ್ನು ಬೇರ್ಪಡಿಸುವವರ ಮೂಗಿಗೆ ನಮ್ಮ ಧೂಳು. ಬೆಂಗಳೂರಿನ ‘ಎರಡು ಬುಟ್ಟಿ, ಒಂದು ಚೀಲ’ದ ಲೆಕ್ಕದಲ್ಲಿ ಅದು ಹೋಗಬೇಕಾದ್ದು ಮರುಬಳಕೆಯಾಗದ ಕಸದ ಕೆಂಪು ಬುಟ್ಟಿಗೆ. ನಾನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ. ತೊಳೆದು ಬಳಸುವ ಮೈಕ್ರೋಫೈಬರ್ ಬಟ್ಟೆಯೂ ಈಗ ಎಲ್ಲ ಅಂಗಡಿಗಳಲ್ಲಿದೆ, ಒಳ್ಳೆಯದೇ. ಒಗೆಯುವಾಗ ಬಟ್ಟೆ ಮೃದುವಾಗಲಿ ಅಂತ ಕಂಫರ್ಟಿನಂಥದ್ದನ್ನು ಹಾಕಬೇಡಿ, ಎಳೆಗಳಿಗೆ ಲೇಪ ಹತ್ತಿ ಧೂಳು ಹಿಡಿಯುವ ಗುಣ ಹೋಗುತ್ತದೆ. ಆದರೆ ಒಗೆಯುವವರು ಯಾರು ಅನ್ನುವ ಪ್ರಶ್ನೆ ಅಲ್ಲೂ ಇದೆ. ನಮ್ಮ ಮನೆಯಲ್ಲಿ ಈಗ ನಾನೇ.

ಕೊನೆಗೆ ದಿನನಿತ್ಯಕ್ಕೆ ಉಳಿದದ್ದು ನನ್ನ ಹಳೇ ಪಂಚೆ. ನೂರಾರು ಸಲ ಒಗೆದ ಹತ್ತಿಬಟ್ಟೆಯಲ್ಲಿ ಉದುರುವ ನಾರು ಉಳಿದಿರುವುದಿಲ್ಲ, ಬೆಣ್ಣೆಯ ಹಾಗಿರುತ್ತದೆ. ಅಂಗೈ ಎರಡರಷ್ಟು ಚೂರು ಮಾಡಿ ಬಿಸ್ಕತ್ ಡಬ್ಬಿಯಲ್ಲಿ ತುಂಬಿದ್ದೇನೆ. ನೀರು ಚಿಮುಕಿಸಿ, ಹಿಂಡಿದರೆ ಹನಿ ಬೀಳದಷ್ಟು ಮಾತ್ರ ತೇವ ಮಾಡಿ, ಎಂಟು ಮಡಿಕೆ ಮಡಚಿಕೊಂಡರೆ ಒಂದು ಮಗ್ಗಲು ಕೊಳೆಯಾದಂತೆ ಇನ್ನೊಂದು ಮಗ್ಗಲು ತಿರುಗಿಸಬಹುದು. ಮೇಲಿನಿಂದ ಕೆಳಕ್ಕೆ, ಫ್ಯಾನ್ ಆರಿಸಿ, ಕಿಟಕಿ ತೆರೆದು. ಮುಗಿದ ಮೇಲೆ ಬಕೆಟ್ಟಿಗಲ್ಲ, ಕಸಕ್ಕೆ. ಹೇಗೂ ಸಾಯಲು ಕಾದಿದ್ದ ಬಟ್ಟೆ. ಮನೆಯವರು ಈಗ ಪಕ್ಕದ ಮನೆಗೆ ಹೋಗುವುದಿಲ್ಲ. ಒಳಕೋಣೆಯಲ್ಲೇ ಕೂತು, ‘ಗಡಿಯಾರದ ಮೇಲೆ ಬಿಟ್ಟಿರಿ ನೋಡಿ’ ಅಂತ ಅಲ್ಲಿಂದಲೇ ಹೇಳುತ್ತಾರೆ.

ಮಗಳು ತಂದ ಡಬ್ಬಿಯಲ್ಲಿ ಇನ್ನು ನಾಲ್ಕು ಡಸ್ಟರ್ ಉಳಿದಿವೆ. ಹೋದ ವಾರ ಹುಡುಕಿದರೆ ಶೆಲ್ಫಿನಲ್ಲಿ ಇರಲಿಲ್ಲ. ನಾನು ಟಿ.ವಿ.ಗೆ ಸುಮ್ಮನೆ ಖರ್ಚು ಮಾಡಿಬಿಡುತ್ತೇನೆ ಅಂತ ಮನೆಯವರು ಅವನ್ನು ಬೀರುವಿನಲ್ಲಿ, ಬೆಳ್ಳಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟು ಬೀಗ ಹಾಕಿದ್ದಾರೆ. ಪಟ್ಟದ ಗೊಂಬೆ ಕೆಳಗಿಳಿಸುವ ದಿನ ಕೊಡುತ್ತಾರಂತೆ.

ನಮಸ್ಕಾರ.