ಕೀಲಾರ ದೊಡ್ಡಮ್ಮ ಎರಡು ಸಲ

ನಮಸ್ಕಾರ. ಇದು ಮಂಡ್ಯದ ನಮ್ಮ ಮನೆ ಹಜಾರ. ಮೂಲೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿರುವವರು ನಮ್ಮಪ್ಪ. ಅವರ ಮುಂದೆ ಹರಡಿರುವ ಹಾಳೆಗಳೆಲ್ಲ ತಮ್ಮನ ಮದುವೆಗೆ ಕರೆಯಬೇಕಾದವರ ಪಟ್ಟಿ. ಹಿಂದಿನ ಸದ್ದು ಕಬ್ಬಿನ ಟ್ರ್ಯಾಕ್ಟರ್‌ದು. ನಾನು ಮೈಕ್ ಹಿಡಿದ ತಕ್ಷಣವೇ ಅದು ಬರೋದು.

ಪಟ್ಟಿ ಒಂದಲ್ಲ, ಮೂರು. ಅಪ್ಪ ಫೋನಿಗೆ ಹೇಳಿ ಟೈಪ್ ಮಾಡಿಸಿದ್ದು ಒಂದು. ಅಮ್ಮನ ನೋಟ್‌ಬುಕ್ ನೋಡಿ ನಾನು ಟೈಪ್ ಮಾಡಿದ್ದು ಇನ್ನೊಂದು. ಮೂರನೆಯದು 2009ರಲ್ಲಿ ಅಕ್ಕನ ಮದುವೆಗೆ ಡಿಟಿಪಿ ಅಂಗಡಿಯಲ್ಲಿ ಹಳೇ ಫಾಂಟ್‌ನಲ್ಲಿ ಮಾಡಿಸಿದ್ದು. ಅದನ್ನು ಒಂದು ಪರಿವರ್ತಕಕ್ಕೆ ಹಾಕಿ, ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್‌ಗೆ ತಂದೆ. ಮೂರನ್ನೂ ಒಂದೇ ಟೆಕ್ಸ್ಟ್ ಫೈಲಿಗೆ ಸುರಿದೆ. ಮತ್ತೆ ಮತ್ತೆ ಬಂದ ಸಾಲಿನ ಮುಂದೆ ‘ಡಬಲ್’ ಅಂತ ಬರೆಯೋಕೆ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ನಮ್ಮ ಕಡೆ ಹೆಸರಿಗಿಂತ ಊರೇ ಗುರುತು, ಅಲ್ವಾ? ಕೆರಗೋಡು ಮಾವ, ಬಸರಾಳು ಅತ್ತೆ, ಕೀಲಾರ ದೊಡ್ಡಮ್ಮ. ಸಂಬಂಧವೆಲ್ಲ ಮದುವೆ ಗಂಡಿನ ಲೆಕ್ಕದಲ್ಲಿ.

ಓಡಿಸಿದೆ. ಎರಡನೇ ಬಸರಾಳು ಅತ್ತೆಗೆ ಗುರುತು ಬಿತ್ತು, ಮೊದಲನೆಯವರಿಗೆ ಇಲ್ಲ. ತಪ್ಪು ನನ್ನದೇ. ಮೇಲಿಂದ ಓದುತ್ತಾ ಬರುವಾಗ, ಈ ಹೆಸರು ಕೆಳಗೆ ಮತ್ತೆ ಬರುತ್ತೆ ಅಂತ ಸ್ಕ್ರಿಪ್ಟಿಗೇನು ಕನಸು ಬಿದ್ದಿರುತ್ತಾ? ಫೈಲನ್ನು ಎರಡು ಸಲ ಓದಿಸಿದೆ. ಮೊದಲು ಬರೀ ಎಣಿಕೆ, ಆಮೇಲೆ ಗುರುತು.

ಕಟ್ಟಕಡೆಯ ಸಾಲೂ ತಪ್ಪಿಸಿಕೊಂಡಿತ್ತು. ಉಳಿದ ಸಾಲುಗಳ ಬಾಲದಲ್ಲಿ ಹೊಸ ಸಾಲಿನ ಚಿಹ್ನೆ ಇರುತ್ತೆ, ಇದಕ್ಕೆ ನಾನು ಎಂಟರ್ ಒತ್ತಿರಲಿಲ್ಲ. ಸಾಲಿನ ತುದಿಯ ಇಂಥ ಚಿಹ್ನೆ ಕತ್ತರಿಸುವ ಸ್ಟ್ರಿಪ್ ಹಾಕಿದೆ, ಸರಿಹೋಯಿತು.

ಆಟ ಆಡಿಸಿದ್ದು ಕೀಲಾರ ದೊಡ್ಡಮ್ಮ. ಪರದೆ ಮೇಲೆ ಎರಡು ಸಾಲೂ ತದ್ರೂಪ. ಝೂಮ್ ಮಾಡಿ ನೋಡಿದೆ, ಒಂದು ಚುಕ್ಕೆ ವ್ಯತ್ಯಾಸ ಇಲ್ಲ. ಎರಡಕ್ಕೂ ಗುರುತೂ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡು, ಕೊನೆಗೆ ಎರಡರ ಉದ್ದ, ಅಂದರೆ ಒಟ್ಟು ಎಷ್ಟು ಸಂಕೇತ ಅಂತ, ಕೇಳಿದೆ. ಒಂದು 14, ಇನ್ನೊಂದು 16!

ಅಕ್ಷರದ ಬದಲು ಅದರ ಸಂಕೇತ ಸಂಖ್ಯೆ ತೋರಿಸುವ ಆಸ್ಕಿ ಫಂಕ್ಷನ್‌ನಲ್ಲಿ ಪ್ರಿಂಟ್ ಮಾಡಿ ನೋಡಿದಾಗ ಗುಟ್ಟು ಬಯಲಾಯಿತು. ನಾನು ಹೊಡೆದ ‘ಕೀ’ಯಲ್ಲಿ ದೀರ್ಘದ ಗುರುತು ಒಂದೇ ಅಕ್ಷರ, 0ಸಿಸಿ0. ಹಳೇ ಪಟ್ಟಿಯಿಂದ ಬಂದದ್ದರಲ್ಲಿ ಗುಡಿಸು ಬೇರೆ, ಅದರ ಪಕ್ಕದ ದೀರ್ಘ ಬೇರೆ. ‘ದೊ’ ಕೂಡ ಹಾಗೇ, ಒತ್ವ ಎರಡು ತುಂಡು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ದೊಡ್ಡಮ್ಮಂದಿರು. ಯೂನಿಕೋಡ್ ಎರಡನ್ನೂ ಸರಿ ಅಂತಲೇ ಒಪ್ಪುತ್ತೆ. ಹೋಲಿಸುವ ಮೊದಲು ನಾವೇ ಒಂದು ರೂಪಕ್ಕೆ ತರಬೇಕು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅಂತಿದೆ, ಎನ್‌ಎಫ್‌ಸಿ ಅಂತ ಹೇಳಿದರೆ ತುಂಡುಗಳನ್ನು ಅದೇ ಕೂಡಿಸುತ್ತೆ. 16 ಹೋಗಿ 14 ಆಯಿತು.

‘ಆಫೀಸ್ ಫ್ರೆಂಡ್ಸ್’ ಇನ್ನೂ ಬಾಕಿ ಇದ್ದರು. ಒಂದರ ಬಾಲದಲ್ಲಿ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಕೂತಿತ್ತು. ಇದು ನಾರ್ಮಲೈಸ್‌ಗೂ ಹೋಗಲ್ಲ, ಸ್ಟ್ರಿಪ್‌ಗೂ ಹೋಗಲ್ಲ. ರಿಪ್ಲೇಸ್ ಮಾಡಿ ಕಿತ್ತೆ. ಹೋಲಿಕೆಗೆ ಮಾತ್ರ, ಮೂಲ ಸಾಲು ಮುಟ್ಟಲಿಲ್ಲ.

ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಸ್ವಲ್ಪ ಜಂಬ ಇತ್ತು ಅನ್ನಿ. ಅಪ್ಪ ಎರಡನೇ ಹಾಳೆಯಲ್ಲೇ ನಿಂತರು.

“ಏನವ್ವಾ ಇದು, ಮದ್ದೂರು ಚಿಕ್ಕಪ್ಪ ಡಬಲ್ಲು?”

“ಎರಡು ಸಲ ಇದೆ ಅಪ್ಪ.”

“ಒಬ್ಬ ನನ್ನ ತಮ್ಮ, ಇನ್ನೊಬ್ಬರು ನಿಮ್ಮಮ್ಮನ ತಂಗಿ ಯಜಮಾನರು. ಇಬ್ಬರಿಗೂ ಸೇರಿ ಒಂದು ಪತ್ರಿಕೆ ಕೊಡ್ತೀಯಾ? ಬೀಗರೂಟದ ದಿನ ಗೊತ್ತಾಗುತ್ತೆ ನಿಂಗೆ.”

ಒಳಗಿಂದ ಅಮ್ಮ ನಗುತ್ತಿದ್ದರು. ಸದ್ಯ, ಸ್ಕ್ರಿಪ್ಟಿಗೆ ಗುರುತು ಹಾಕೋಕೆ ಮಾತ್ರ ಹೇಳಿದ್ದೆ, ಅಳಿಸೋಕೆ ಹೇಳಿರಲಿಲ್ಲ. ಅಪ್ಪ ಎರಡು ಸಾಲಿಗೂ ಕೆಂಪು ಟಿಕ್ ಹಾಕಿದರು. ಈಗ ಫೈಲಿನಲ್ಲಿ ಒಬ್ಬರು ‘ಮದ್ದೂರು ಚಿಕ್ಕಪ್ಪ, ಟೇಷನ್ ಹತ್ರ’. ಇನ್ನೊಬ್ಬರು ‘ಮದ್ದೂರು ಚಿಕ್ಕಪ್ಪ, ಪೇಟೆ ಬೀದಿ’.