ಎಂಪಿ4 ಒಳಗೆ ಏನಿದೆ? ಎಡಿಟಿಂಗ್ ಶುರು ಮಾಡೋ ಮುಂಚೆ ಕೋಡೆಕ್ ನೋಡಿ

ಸ್ಕ್ರೀನ್ ಮೇಲೆ ಎರಡು ಕ್ಲಿಪ್ ಇವೆ. ಎರಡೂ ಎಂಪಿ4 ಫೈಲೇ. ಒಂದು ಟೈಮ್‌ಲೈನ್‌ನಲ್ಲಿ ಸರಾಗವಾಗಿ ಓಡ್ತಿದೆ, ಇನ್ನೊಂದು ನಿಂತು ನಿಂತು ಬರ್ತಿದೆ. ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಬರೀ ಡಬ್ಬಗಳು. ಒಳಗಿರೋ ಚಿತ್ರವನ್ನ ಯಾವ ವಿಧಾನದಲ್ಲಿ ಕುಗ್ಗಿಸಿದಾರೆ ಅನ್ನೋದು ಕೋಡೆಕ್. ಫೈಲ್ ರಿನೇಮ್ ಮಾಡಿ ಎಂಕೆವಿನ ಎಂಪಿ4 ಅಂತ ಬರೆದ್ರೆ ಏನೂ ಬದಲಾಗಲ್ಲ.

ಕೋಡೆಕ್ ಯಾವ್ದು ಅಂತ ನೋಡೋಕೆ, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆದ್ರೆ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿರೋ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆಗೀರಿ. ಡಾವಿಂಚಿ ರಿಸಾಲ್ವ್ ಆದ್ರೆ ಮೀಡಿಯಾ ಪೂಲ್‌ನ ಲಿಸ್ಟ್ ವ್ಯೂಗೆ ಹಾಕಿ, ಕಾಲಂ ಹೆಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ವಿಡಿಯೋ ಕೋಡೆಕ್ ಟಿಕ್ ಮಾಡಿ. ಫೈಲ್ ಇಂಪೋರ್ಟೇ ಆಗ್ತಿಲ್ವಾ? ವಿಎಲ್‌ಸಿಯಲ್ಲಿ ಓಪನ್ ಮಾಡಿ ಕಂಟ್ರೋಲ್ ಜೆ ಒತ್ತಿ.

ಆದ್ರೆ ಕೋಡೆಕ್ ಹೆಸರೊಂದೇ ಸಾಲಲ್ಲ. ಮೀಡಿಯಾಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳ್ಳಿ, ವ್ಯೂ ಮೆನುವಲ್ಲಿ ಟ್ರೀ ಆರಿಸಿ. ಫಾರ್ಮ್ಯಾಟ್ ಎದುರಿಗೆ ಎವಿಸಿ ಅಂತಿದ್ರೆ ಎಚ್.264, ಎಚ್‌ಇವಿಸಿ ಅಂತಿದ್ರೆ ಎಚ್.265. ಅದರ ಕೆಳಗಿನ ಪ್ರೊಫೈಲ್ ಸಾಲು ಬಹಳ ಮುಖ್ಯ, ಹೆಚ್ಚಿನವರು ಅದನ್ನ ನೋಡೋದೇ ಇಲ್ಲ. ಎವಿಸಿಯಲ್ಲಿ ಬರೀ ಹೈ ಅಂತಿದ್ರೆ 8 ಬಿಟ್ (ಬಣ್ಣದ ಮಟ್ಟಗಳು ಎಷ್ಟು ಅನ್ನೋ ಲೆಕ್ಕ), 4:2:0 (ಬಣ್ಣದ ಮಾಹಿತಿ ಎಷ್ಟು ಉಳಿಸಿದಾರೆ ಅನ್ನೋ ಲೆಕ್ಕ); ಇದನ್ನ ಯಾವ ಗ್ರಾಫಿಕ್ಸ್ ಚಿಪ್ ಆದ್ರೂ ನಿಭಾಯಿಸುತ್ತೆ. ಹೈ 4:2:2 ಅಂತ ಬಂದು, ಬಿಟ್ ಡೆಪ್ತ್ 10 ಇದ್ರೆ ಕಥೆ ಬೇರೆ. ಆರ್‌ಟಿಎಕ್ಸ್ 50 ಸರಣಿಗಿಂತ ಹಳೇ ಎನ್ವಿಡಿಯಾ ಕಾರ್ಡ್‌ಗಳು ಇದನ್ನ ಡಿಕೋಡ್ ಮಾಡಲ್ಲ, ಅಂದ್ರೆ ಕುಗ್ಗಿಸಿದ್ದನ್ನ ಬಿಡಿಸಲ್ಲ, ಪೂರ್ತಿ ಭಾರ ಸಿಪಿಯು ಮೇಲೆ ಬೀಳುತ್ತೆ. ಅದೇ 10 ಬಿಟ್ 4:2:2 ಎಚ್‌ಇವಿಸಿಯಲ್ಲಿದ್ರೆ, 11ನೇ ಜನರೇಷನ್ ಇಂಟೆಲ್‌ನಿಂದೀಚೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಅದನ್ನ ಬಿಡಿಸುತ್ತೆ. ಅಂದ್ರೆ ಇಂಥ ಕಂಪ್ಯೂಟರ್ ಇರೋರಿಗೆ, ಕ್ಯಾಮೆರಾದಲ್ಲಿ ಎರಡೂ ಆಯ್ಕೆ ಇದ್ರೆ, ಎಚ್.264ಗಿಂತ ಎಚ್.265 ಹಗುರ. ಪ್ರೊಸೆಸರ್ ಹೆಸರಿನ ಕೊನೇಲಿ ಎಫ್ ಇದ್ರೆ ಮಾತ್ರ ಆ ಗ್ರಾಫಿಕ್ಸ್ ಇರಲ್ಲ, ಕೊಳ್ಳೋವಾಗ ನೋಡ್ಕೊಳ್ಳಿ.

ಇನ್ನು ಮೀಡಿಯಾಇನ್ಫೋದಲ್ಲಿರೋ ಫ್ರೇಮ್ ರೇಟ್ ಮೋಡ್ ಸಾಲು. ಮೊಬೈಲ್‌ನಲ್ಲಿ ತೆಗೆದ ವಿಡಿಯೋಗೆ ಇಲ್ಲಿ ಸಾಮಾನ್ಯವಾಗಿ ವೇರಿಯಬಲ್ ಅಂತಿರುತ್ತೆ, ಅಂದ್ರೆ ಸೆಕೆಂಡಿಗೆ ಬರೋ ಫ್ರೇಮ್ ಸಂಖ್ಯೆ ಒಂದೇ ಸಮ ಇರಲ್ಲ. 10 ನಿಮಿಷದ ಕ್ಲಿಪ್‌ನಲ್ಲಿ ಸೆಕೆಂಡಿಗೆ ಸರಾಸರಿ 29.9 ಫ್ರೇಮ್ ಇದೆ ಅಂದ್ಕೊಳ್ಳಿ, ಒಟ್ಟು 17,940 ಫ್ರೇಮ್. ಎಡಿಟಿಂಗ್ ಸಾಫ್ಟ್‌ವೇರ್ ಅವನ್ನ ಸೆಕೆಂಡಿಗೆ 30ರಂತೆ ಜೋಡಿಸಿದ್ರೆ ಚಿತ್ರ 598 ಸೆಕೆಂಡಿಗೇ ಮುಗಿಯುತ್ತೆ, ಧ್ವನಿ 600ರ ತನಕ ಹೋಗುತ್ತೆ. ಶುರುವಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ಇದ್ದು, ಹೋಗ್ತಾ ಹೋಗ್ತಾ ಅಂತರ ಜಾಸ್ತಿ ಆಗ್ತಿದ್ರೆ ಕಾರಣ ಬಹುತೇಕ ಇದೇ. ಮೊದಲಿಂದ ಕೊನೇವರೆಗೂ ಅಂತರ ಒಂದೇ ಥರ ಇದ್ರೆ ಇದಲ್ಲ, ಆಡಿಯೋನ ಸ್ವಲ್ಪ ಸರಿಸಿದ್ರೆ ಸಾಕು.

ವೇರಿಯಬಲ್ ಇರೋ ಫೈಲ್‌ನ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಕನ್ವರ್ಟರ್‌ಗೆ ಹಾಕಿ. ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 30, ಕೆಳಗೆ ಕಾನ್‌ಸ್ಟಂಟ್, ಕ್ವಾಲಿಟಿ ಆರ್‌ಎಫ್ (ಕಡಿಮೆ ಇದ್ದಷ್ಟೂ ಚಿತ್ರ ಚೆನ್ನಾಗಿರೋ ಅಂಕಿ) 16 ಅಥವಾ 18. ಇದನ್ನ ಕಟ್ ಮಾಡೋ ಮುಂಚೇನೇ ಮಾಡಿ. ಆಮೇಲೆ ಫೈಲ್ ಬದಲಿಸಿದ್ರೆ ನೀವು ಹಾಕಿರೋ ಕಟ್‌ಗಳು ಅಲ್ಲಲ್ಲಿ ಜರುಗುತ್ತವೆ.

ಎಡಿಟಿಂಗ್ ಭಾರ ಆಗ್ತಿರೋರು ಪ್ರೊರೆಸ್ ಅನ್ನೋ ಕೋಡೆಕ್‌ಗೆ ಬದಲಿಸ್ಕೋಬಹುದು. ಅದರಲ್ಲಿ ಪ್ರತಿ ಫ್ರೇಮ್ ಸ್ವತಂತ್ರ. ಎಚ್.264ನಲ್ಲಿ ಒಂದು ಫ್ರೇಮ್ ತೋರಿಸೋಕೆ ಅಕ್ಕಪಕ್ಕದ ಫ್ರೇಮ್‌ಗಳನ್ನೂ ಬಿಡಿಸಬೇಕಾಗುತ್ತೆ, ಅದಕ್ಕೇ ಹಿಂದಕ್ಕೆ ಓಡಿಸಿದಾಗ ತಡವರಿಸೋದು. ಪ್ರೊರೆಸ್ 422, 1080ಪಿ, 30 ಫ್ರೇಮ್‌ಗೆ ಗಂಟೆಗೆ ಸುಮಾರು 66 ಜಿಬಿ ಜಾಗ ಬೇಕು. ಡಿಸ್ಕ್ ಚಿಕ್ಕದಿದ್ರೆ ಪ್ರಾಕ್ಸಿ, ಅಂದ್ರೆ ಎಡಿಟಿಂಗ್‌ಗಷ್ಟೇ ಬಳಸೋ ಹಗುರ ನಕಲು, ಮಾಡ್ಕೊಳ್ಳಿ.

ಓಬಿಎಸ್ ಅನ್ನೋ ಸ್ಕ್ರೀನ್ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದ ಎಂಕೆವಿ ಪ್ರೀಮಿಯರ್‌ಗೆ ಹೋಗ್ತಿಲ್ಲ ಅಂದ್ರೆ ಕನ್ವರ್ಟ್ ಮಾಡೋಕೆ ಹೋಗ್ಬೇಡಿ. ಓಬಿಎಸ್‌ನ ಫೈಲ್ ಮೆನುವಲ್ಲೇ ರೀಮಕ್ಸ್ ರೆಕಾರ್ಡಿಂಗ್ಸ್ ಇದೆ. ಡಬ್ಬ ಮಾತ್ರ ಬದಲಾಗುತ್ತೆ, ಕ್ವಾಲಿಟಿ ಒಂದಿಷ್ಟೂ ಹೋಗಲ್ಲ, ದೊಡ್ಡ ಫೈಲ್ ಆದ್ರೂ ಬೇಗ ಮುಗಿಯುತ್ತೆ.