ನೀರಿಲ್ಲದ ಈಜುಕೊಳದಿಂದ ಎದ್ದ ಗದ್ದಲ

ಗರ್‌ರ್ ಅಂತ ಒಂದು ಸದ್ದು ಕೇಳಿಸುತ್ತಿದೆ ಅಲ್ವಾ? ಕಾಂಕ್ರೀಟ್ ಮೇಲೆ ಚಕ್ರ ಉರುಳುವ ಸದ್ದು ಅದು. ನಾನಿರುವುದು ಲಾಸ್ ಏಂಜಲೀಸ್‌ನ ವೆನಿಸ್ ಬೀಚ್‌ನಲ್ಲಿ. ಬೆನ್ನ ಹಿಂದೆ ಸಮುದ್ರ, ಎದುರಿಗೆ ಸ್ಕೇಟ್‌ಪಾರ್ಕ್. ಹತ್ತು ವರ್ಷದ ಹುಡುಗಿಯೊಬ್ಬಳು ಸ್ಕೇಟ್‌ಬೋರ್ಡ್ ಮೇಲೆ ಬಟ್ಟಲಿನಂಥ ಗುಂಡಿಗೆ ಜಾರಿ, ಆಚೆ ಅಂಚು ಮುಟ್ಟಿ ವಾಪಸ್ ಬರುತ್ತಿದ್ದಾಳೆ.

ಈ ಬಟ್ಟಲು ಈಜುಕೊಳದ ವಂಶದ್ದು.

60ರ ದಶಕದಲ್ಲಿ ಬೋರ್ಡ್‌ಗಳಿಗೆ ಜೇಡಿಮಣ್ಣು ಬೆರೆಸಿದ (ಕ್ಲೇ) ಚಕ್ರ ಇರುತ್ತಿತ್ತು. ಒಂದು ಚಿಕ್ಕ ಕಲ್ಲು ಸಿಕ್ಕರೆ ಸಾಕು, ಚಕ್ರ ಗಕ್ಕನೆ ನಿಲ್ಲುತ್ತಿತ್ತು. ಮೇಲಿದ್ದವನು ಮಾತ್ರ ನಿಲ್ಲುತ್ತಿರಲಿಲ್ಲ! 70ರ ದಶಕದ ಶುರುವಿನಲ್ಲಿ ಫ್ರ್ಯಾಂಕ್ ನಾಸ್ವರ್ದಿ ಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ಚಕ್ರ ಮಾರತೊಡಗಿದ. ಅದು ನೆಲ ಕಚ್ಚಿಕೊಂಡು ಓಡುತ್ತಿತ್ತು. ಇಲ್ಲಿನ ಸರ್ಫಿಂಗ್ ಹುಡುಗರಿಗೆ ಇನ್ನೇನು ಬೇಕು? ಅಲೆಯನ್ನು ಕೈಯಲ್ಲಿ ಸವರುವ ಹಾಗೆ ನೆಲ ಸವರುತ್ತಾ ತಿರುಗಿದರು.

ಆಮೇಲೆ ಬರ ಬಂತು. 1976–77ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀರಿಗೆ ತತ್ವಾರ, ಎಷ್ಟೋ ಮನೆಗಳ ಹಿತ್ತಿಲ ಈಜುಕೊಳ ಖಾಲಿ. ಬಟ್ಟಲಿನಂಥ ಆ ಕೊಳಗಳಲ್ಲಿ ಸ್ಕೇಟ್ ಮಾಡಲು ಹುಡುಗರು ಬೇಲಿ ಹಾರಿದರು. ತಳದಲ್ಲಿದ್ದ ಪಾಚಿ ನೀರನ್ನು ಬಕೆಟ್‌ನಲ್ಲಿ ಎತ್ತಿ ಚೆಲ್ಲಿದರು, ಪೊರಕೆ ಹಿಡಿದು ಗುಡಿಸಿದರು. ಅವರವರ ಮನೆಯಲ್ಲಿ ಅಮ್ಮ ಹೇಳಿದ್ದರೆ ಪೊರಕೆ ಮುಟ್ಟುತ್ತಿದ್ದರೋ ಇಲ್ಲವೋ! ಪೊಲೀಸರು ಬಂದರೆ ಬೋರ್ಡ್ ಎತ್ತಿಕೊಂಡು ಓಟ.

ದುಡ್ಡು ಕೊಟ್ಟು ಹೋಗುವ ಸ್ಕೇಟ್‌ಪಾರ್ಕ್‌ಗಳೂ ಎದ್ದವು. ಆದರೆ ಕೈಕಾಲು ಮುರಿದುಕೊಂಡವರ ಕೇಸು, ಇನ್ಶೂರೆನ್ಸ್ ಖರ್ಚು ಜಾಸ್ತಿಯಾಗಿ 80ರ ಹೊತ್ತಿಗೆ ಒಂದೊಂದೇ ಬಾಗಿಲು ಹಾಕಿದವು. ಬಿಡದವರು ಪ್ಲೈವುಡ್ ತಂದು ಹಿತ್ತಿಲಲ್ಲೇ ರ‍್ಯಾಂಪ್ ಬಡಿದುಕೊಂಡರು. ಪಂಕ್ ಅನ್ನುವ ಅಬ್ಬರದ ರಾಕ್ ಸಂಗೀತ ಅವರಿಗೆ ಒಗ್ಗಿದ್ದು ಇದಕ್ಕೇ ಅನ್ನುವುದು ನನ್ನ ಲೆಕ್ಕ. ರ‍್ಯಾಂಪ್‌ಗೆ ಇಂಜಿನಿಯರ್ ಬೇಕಿರಲಿಲ್ಲ, ಬ್ಯಾಂಡ್‌ಗೆ ಸಂಗೀತದ ಮೇಷ್ಟ್ರು ಬೇಕಿರಲಿಲ್ಲ.

ಅರಿಜೋನಾದ ಫೀನಿಕ್ಸ್‌ನಲ್ಲಿ 1981ರಲ್ಲಿ ಜೆಎಫ್‌ಎ ಅನ್ನುವ ಸ್ಕೇಟರ್‌ಗಳ ಪಂಕ್ ಬ್ಯಾಂಡ್ ಶುರುವಾಯಿತು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬಿಗ್ ಬಾಯ್ಸ್ ಬ್ಯಾಂಡ್‌ನವರಿದ್ದರು. ಸ್ಯಾನ್ ಹೊಸೆಯ ದ ಫ್ಯಾಕ್ಷನ್‌ನಲ್ಲಿ ಬಾಸ್ ಗಿಟಾರ್ ಹಿಡಿದಿದ್ದವನು ಸ್ಟೀವ್ ಕಬಾಲೆರೊ, ಆಗಿನ ಹೆಸರಾಂತ ಸ್ಕೇಟರ್! ನಾನು ಜೆಎಫ್‌ಎಯ ಮೊದಲ ರೆಕಾರ್ಡ್ ಹಾಕಿ ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಅರ್ಧ ಮುಗಿದೇ ಹೋಗಿತ್ತು. ಸುಮ್ನೆ ಕಿರುಚಾಟ ಅನಿಸಿತ್ತು. ಇವತ್ತು ಈ ಚಕ್ರಗಳ ಸದ್ದಿನ ಜೊತೆ ಕೇಳಿದ ಮೇಲೆ ಆ ಡ್ರಮ್ಮಿನ ಅವಸರ ಅರ್ಥವಾಯಿತು.

ಊರೂರಿನ ಈ ಹುಡುಗರನ್ನು ಜೋಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಥ್ರ್ಯಾಷರ್ ಪತ್ರಿಕೆ. 1981ರಲ್ಲಿ ಶುರುವಾಗಿ, 1983ರಲ್ಲಿ ಸ್ಕೇಟರ್‌ಗಳ ಬ್ಯಾಂಡ್‌ಗಳನ್ನೆಲ್ಲ ಕೂಡಿಸಿ ‘ಸ್ಕೇಟ್ ರಾಕ್’ ಅನ್ನುವ ಕ್ಯಾಸೆಟ್ ತಂದಿತು. ರೇಡಿಯೊದ ಹಂಗೇ ಬೇಡ.

ಓ, ಹುಡುಗಿ ಬಿದ್ದಳು. ಮಂಡಿ ತರಚಿದೆ. ಚಡ್ಡಿಗೆ ಕೈ ಒರೆಸಿಕೊಂಡು ಮತ್ತೆ ಸಾಲಿನಲ್ಲಿ ನಿಂತಳು. ಪಕ್ಕದವರು ನನಗೂ ಬೋರ್ಡ್ ಕೊಡುತ್ತೇನೆ ಅಂದಿದ್ದಾರೆ. ನನಗೆ 38. ಮೊದಲು ಮಂಡಿ ಪ್ಯಾಡ್ ಕೇಳುತ್ತೇನೆ.